ಕುಸಿದ ಸೀಟಿನ ದುರಸ್ತಿ ಕೆಳಗಿನಿಂದ ಮೇಲಕ್ಕೆ

ಪ್ರಶ್ನೆ: ನನ್ನ ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಎಂಜಿನ್ ಚೆನ್ನಾಗಿಯೇ ಇದೆ, ಆದರೆ ಚಾಲಕನ ಸೀಟು ಕುಸಿದುಹೋಗಿದೆ. ಬಾಗಿಲ ಕಡೆಯ ಅಂಚು ಚಪ್ಪಟೆಯಾಗಿ ಒಳಗಿನ ಕಬ್ಬಿಣ ತೊಡೆಗೆ ಒತ್ತುತ್ತದೆ. ದೂರದ ಪ್ರಯಾಣ ಮಾಡಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಸೀಟಿನ ಕೆಳಗೆ ಆಗಾಗ ಹಳದಿ ಪುಡಿ ಬಿದ್ದಿರುತ್ತದೆ. ಮೇಲಿನ ಬಟ್ಟೆ ಮಾತ್ರ ಎಲ್ಲೂ ಹರಿದಿಲ್ಲ. ಮೇಲೊಂದು ದಪ್ಪ ದಿಂಬು ಹಾಕಿಕೊಂಡರೆ ಸಾಕೇ, ಅಥವಾ ಒಳಗಿನ ಫೋಮ್ ಬದಲಿಸಬೇಕೇ? ಈ ಕೆಲಸವನ್ನು ನಾನೇ ಮಾಡಬಹುದೇ? ಪಕ್ಕದ ಸೀಟನ್ನೂ ಜೊತೆಗೇ ಮಾಡಿಸಬೇಕೇ?

ಉತ್ತರ: ಮೇಲೆ ದಿಂಬು ಹಾಕಬೇಡಿ. ಇಡೀ ಫೋಮನ್ನು ಕಿತ್ತು ಬದಲಿಸುವ ಆತುರವೂ ಬೇಡ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ನಿಮ್ಮ ಸೀಟಿನ ಮುಕ್ಕಾಲು ಪಾಲು ಫೋಮ್ ಇನ್ನೂ ಗಟ್ಟಿಯಾಗಿಯೇ ಇರುವ ಸಾಧ್ಯತೆ ಹೆಚ್ಚು. ಕೆಟ್ಟಿರುವುದು ಒಂದು ಅಂಚು, ಬಹುಶಃ ಅದರ ಕೆಳಗಿನ ಪದರ, ಜೊತೆಗೆ ಒಂದೋ ಎರಡೋ ಸ್ಪ್ರಿಂಗು. ಮೇಲಿನ ಬಟ್ಟೆ ಚೆನ್ನಾಗಿರುವುದು ನಿಮ್ಮ ದೊಡ್ಡ ಅದೃಷ್ಟ, ಏಕೆಂದರೆ ಈ ಕೆಲಸದಲ್ಲಿ ನಿಜವಾಗಿ ಕಷ್ಟದ್ದು ಹೊಲಿಗೆ. ಅದು ಬೇಡವಾದರೆ ಉಳಿದದ್ದನ್ನು ತಾಳ್ಮೆಯಿರುವ ಯಾರಾದರೂ ಮಾಡಬಹುದು.

ದಿಂಬು ಏಕೆ ಬೇಡ ಎಂಬುದನ್ನು ಮೊದಲು ಹೇಳಬೇಕು. ಕಾರಿನ ಸೀಟು ಕುರ್ಚಿಯಲ್ಲ. ನಿಮ್ಮ ಸೊಂಟದ ಕೀಲು ಎಷ್ಟು ಎತ್ತರದಲ್ಲಿ ಇರುತ್ತದೆ ಎಂದು ಲೆಕ್ಕಹಾಕಿಯೇ ಸೀಟ್ ಬೆಲ್ಟಿನ ಕೋನ, ತಲೆದಿಂಬಿನ ಎತ್ತರ, ಕನ್ನಡಿಯ ನೋಟ, ಪೆಡಲಿನ ದೂರ ಎಲ್ಲವನ್ನೂ ನಿಗದಿ ಮಾಡಿರುತ್ತಾರೆ. ಬೆಲ್ಟಿನ ಕೆಳಪಟ್ಟಿ ಸೊಂಟದ ಎಲುಬಿನ ಮೇಲೆ ಕೂರಬೇಕು. ಮೆತ್ತನೆಯ ದಿಂಬಿನ ಮೇಲೆ ಕುಳಿತಾಗ ಅಪಘಾತದ ಕ್ಷಣದಲ್ಲಿ ದಿಂಬು ಅಪ್ಪಚ್ಚಿಯಾಗುತ್ತದೆ, ದೇಹ ಮುಂದಕ್ಕೂ ಕೆಳಕ್ಕೂ ಜಾರುತ್ತದೆ, ಪಟ್ಟಿ ಎಲುಬನ್ನು ಬಿಟ್ಟು ಹೊಟ್ಟೆಯ ಮೇಲೆ ಏರುತ್ತದೆ. ಕುಸಿದ ಸೀಟಿನಲ್ಲಿಯೂ ಇದೇ ಅಪಾಯವಿದೆ. ಹಾಗಾಗಿ ನಾವು ಮಾಡಬೇಕಾದದ್ದು ಸೀಟನ್ನು ಮೆತ್ತಗೆ ಮಾಡುವುದಲ್ಲ, ಅದು ಮೊದಲಿದ್ದ ಎತ್ತರಕ್ಕೂ ಆಕಾರಕ್ಕೂ ಮರಳುವಂತೆ ಮಾಡುವುದು. ನಿಮ್ಮ ಸೊಂಟನೋವಿಗೂ ಇದೇ ಪರಿಹಾರ. ಸೀಟಿನ ಹಿಂಭಾಗ ಕುಸಿದಾಗ ಸೊಂಟ ಮಂಡಿಗಿಂತ ಕೆಳಗಿಳಿಯುತ್ತದೆ, ಬೆನ್ನಿನ ಕೆಳಭಾಗದ ಸಹಜ ಬಾಗು ಅಳಿಸಿಹೋಗುತ್ತದೆ. ಒಂದು ಅಂಚು ಮಾತ್ರ ಕುಸಿದಿದ್ದರೆ ಸೊಂಟ ಒಂದು ಬದಿಗೆ ವಾಲಿ, ಬೆನ್ನು ಅದನ್ನು ಸರಿದೂಗಿಸಲು ದಾರಿಯುದ್ದಕ್ಕೂ ಹೆಣಗುತ್ತದೆ.

ಸೀಟಿನ ಒಳಗನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಎಲ್ಲಕ್ಕಿಂತ ಕೆಳಗೆ ಉಕ್ಕಿನ ಚೌಕಟ್ಟು. ಅದರ ಅಡ್ಡಕ್ಕೆ ಸ್ಪ್ರಿಂಗುಗಳು. ಸ್ಪ್ರಿಂಗಿನ ಮೇಲೆ ದಪ್ಪ ಗೋಣಿಬಟ್ಟೆ ಅಥವಾ ಒತ್ತಿ ಮಾಡಿದ ನಾರಿನ ಹಾಸು. ಅದರ ಮೇಲೆ ಫೋಮ್. ಫೋಮಿನ ಮೇಲೆ ಬಟ್ಟೆ, ರೆಕ್ಸಿನ್ ಅಥವಾ ಚರ್ಮದ ಕವರ್, ಅದರ ಬೆನ್ನಿಗೇ ಅಂಟಿಸಿದ ತೆಳುವಾದ ಇನ್ನೊಂದು ಫೋಮ್ ಪದರ. ಇವುಗಳಲ್ಲಿ ಎಲ್ಲರೂ ಮರೆಯುವುದು ನಡುವಿನ ಆ ಗೋಣಿಬಟ್ಟೆಯನ್ನು. ತಂತಿಯ ಭಾರವನ್ನು ಫೋಮಿನ ಅಗಲಕ್ಕೆ ಹಂಚುವುದು ಅದರ ಕೆಲಸ. ಅದು ಸವೆದು ಹರಿದರೆ ಸ್ಪ್ರಿಂಗಿನ ತಂತಿ ನೇರವಾಗಿ ಫೋಮಿಗೆ ತಾಗಿ, ಪ್ರತಿ ಗುಂಡಿಗೂ, ಪ್ರತಿ ತಿರುವಿಗೂ ಸ್ವಲ್ಪಸ್ವಲ್ಪವೇ ಕೊರೆಯುತ್ತದೆ. ಎಷ್ಟೋ ಸೀಟುಗಳ ಫೋಮನ್ನು ತಿರುಗಿಸಿ ನೋಡಿದರೆ ಮೇಲ್ಭಾಗ ಹೊಸದರಂತೆ ಇರುತ್ತದೆ, ಅಡಿಭಾಗದಲ್ಲಿ ಮಾತ್ರ ತಂತಿಯ ಆಕಾರದ ಆಳವಾದ ಸೀಳುಗಳು ಕಾಣುತ್ತವೆ. ಸೀಟಿನ ಕೆಳಗೆ ಬೀಳುವ ಪುಡಿ ಹೆಚ್ಚಾಗಿ ಈ ಸೀಳುಗಳಿಂದಲೇ ಉದುರಿದ್ದು. ಇಂಥ ಸೀಟಿಗೆ ಮೇಲಿನಿಂದ ಎಷ್ಟು ಹೊಸ ಫೋಮ್ ಹೊದಿಸಿದರೂ ಕೊರೆತ ನಿಲ್ಲುವುದಿಲ್ಲ. ಆದ್ದರಿಂದ ಸೀಟನ್ನು ಕೆಳಗಿನಿಂದ ಮೇಲಕ್ಕೆ ಸರಿಪಡಿಸಿಕೊಂಡು ಬರಬೇಕು ಎಂದು ಹೇಳುತ್ತೇನೆ.

ಪುಡಿಗೆ ಇನ್ನೊಂದು ಕಾರಣವೂ ಇರಬಹುದು. ಈಗಿನ ಸೀಟುಗಳ ಫೋಮ್ ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಅವರ ಸಂಗಡಿಗರು ಈ ರಸಾಯನದ ದಾರಿ ತೆರೆದರು. ಮೆತ್ತನೆಯ ಫೋಮ್ ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಅದಕ್ಕೆ ಶತ್ರುಗಳು ಮೂರು: ಬಿಸಿ, ತೇವ, ಬೆಳಕು. ಗಾಳಿಯಲ್ಲಿನ ತೇವ ಅದರ ಅಣುಗಳ ಸರಪಳಿಗಳನ್ನು ನಿಧಾನವಾಗಿ ಕಡಿಯುತ್ತದೆ, ಬಿಸಿಲು ಮತ್ತು ಆಮ್ಲಜನಕ ಹಳದಿಗಟ್ಟಿಸಿ ಪುಡಿಗಟ್ಟಿಸುತ್ತವೆ. ಇದರ ಜೊತೆಗೆ ಯಾಂತ್ರಿಕ ದಣಿವು. ನೀವು ಕಾರಿನಿಂದ ಇಳಿಯುವಾಗಲೆಲ್ಲ ದೇಹದ ಭಾರ ಒಂದು ಕ್ಷಣ ಪೂರ್ತಿಯಾಗಿ ಬಾಗಿಲ ಕಡೆಯ ದಿಂಡಿನ, ಅಂದರೆ ಸೀಟಿನ ಪಕ್ಕದ ಉಬ್ಬಿದ ಅಂಚಿನ, ಮೇಲೆ ಬಿದ್ದು ಜಾರುತ್ತದೆ. ಫೋಮಿನ ಸಣ್ಣಸಣ್ಣ ಕೋಶಗಳ ಕಡ್ಡಿಗಳು ಅಲ್ಲಿಯೇ ಮೊದಲು ಮುರಿಯುತ್ತವೆ. ಹಾಗಾಗಿ ಆ ಅಂಚು ಸೋಲುವುದು ಸಹಜ, ಅದರಿಂದ ಇಡೀ ಸೀಟು ಸೋತಿದೆ ಎಂದು ತಿಳಿಯಬೇಕಾಗಿಲ್ಲ.

ಬಿಚ್ಚುವ ಮೊದಲೇ ಸಾಕಷ್ಟು ಪತ್ತೆ ಮಾಡಬಹುದು. ಮುಷ್ಟಿ ಕಟ್ಟಿ ಸೀಟಿನ ಮಧ್ಯದಲ್ಲಿ, ನಾಲ್ಕು ಮೂಲೆಗಳಲ್ಲಿ, ಎರಡೂ ದಿಂಡುಗಳ ಮೇಲೆ ಬಲವಾಗಿ ಒತ್ತಿ ನೋಡಿ. ಒತ್ತಿದಷ್ಟೂ ಇಳಿದು ಬೇಗ ಮೇಲೇಳದಿದ್ದರೆ ಫೋಮ್ ಸತ್ತಿದೆ. ಒತ್ತಿದ ಕೂಡಲೇ ಗಟ್ಟಿಯಾದ ತಂತಿ ತಗುಲಿದರೆ ನಡುವಿನ ಹಾಸು ಹರಿದಿದೆ. ಒತ್ತಿದಾಗ ಇಡೀ ಮೂಲೆಯೇ ಕೆಳಕ್ಕೆ ಹೋಗಿ ಕಿರುಗುಟ್ಟಿದರೆ ಸ್ಪ್ರಿಂಗು ಕೊಂಡಿಯಿಂದ ಜಾರಿದೆ ಅಥವಾ ಮುರಿದಿದೆ. ಆಮೇಲೆ ನೆಲಕ್ಕೆ ಮಲಗಿ ಟಾರ್ಚ್ ಹಿಡಿದು ಸೀಟಿನ ಅಡಿಯನ್ನು ನೋಡಿ. ಕೆಳಗೆ ಜೋತುಬಿದ್ದ ತಂತಿಯಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಇದೆಲ್ಲದರ ಜೊತೆ ಪಕ್ಕದ ಸೀಟನ್ನು ಅಳತೆಗೋಲಾಗಿ ಬಳಸಿ. ಸಾಮಾನ್ಯವಾಗಿ ಅದರಲ್ಲಿ ಕೂತವರು ಕಡಿಮೆ. ಎರಡೂ ದಿಂಡುಗಳ ಮೇಲೆ ಅಡ್ಡಲಾಗಿ ನೇರವಾದ ಪಟ್ಟಿಯೊಂದನ್ನಿಟ್ಟು, ಅಲ್ಲಿಂದ ಸೀಟಿನ ಮಧ್ಯಕ್ಕೆ ಎಷ್ಟು ಆಳ, ದಿಂಡಿನ ತುದಿ ನೆಲದಿಂದ ಎಷ್ಟು ಎತ್ತರ ಎಂದು ಎರಡೂ ಸೀಟುಗಳಲ್ಲಿ ಅಳೆದು ಬರೆದಿಡಿ. ಕೆಲಸ ಮುಗಿದಾಗ ನೀವು ತಲುಪಬೇಕಾದ ಗುರಿ ಆ ಅಂಕಿಗಳು. ಕನ್ನಡಿ ಪ್ರತಿಬಿಂಬದಂತೆ ಎಡಬಲ ಅದಲುಬದಲಾಗಿರುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಸೀಟನ್ನು ಕಾರಿನಿಂದ ಹೊರತೆಗೆಯುವ ಮುನ್ನ ಒಂದು ಎಚ್ಚರಿಕೆ. ಇದನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ. 1990ರ ದಶಕದ ಮಧ್ಯದಿಂದೀಚೆಗೆ ಬಂದ ಅನೇಕ ಕಾರುಗಳಲ್ಲಿ ಬೆನ್ನೊರಗಿನ ಪಕ್ಕದಲ್ಲಿಯೇ ಏರ್‌ಬ್ಯಾಗ್ ಇರುತ್ತದೆ. ಬೆಲ್ಟನ್ನು ತಟ್ಟನೆ ಬಿಗಿಗೊಳಿಸುವ ಸಿಡಿಮದ್ದಿನ ಸಾಧನ ಕೆಲವು ಕಾರುಗಳಲ್ಲಿ ಸೀಟಿಗೇ ಅಂಟಿಕೊಂಡ ಬಕಲಿನಲ್ಲಿ ಇರುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ತೆಗೆಯಿರಿ, ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ, ಏಕೆಂದರೆ ಏರ್‌ಬ್ಯಾಗಿನ ನಿಯಂತ್ರಕ ಬ್ಯಾಟರಿ ಇಲ್ಲದಿದ್ದರೂ ಸ್ವಲ್ಪ ಹೊತ್ತು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಆಮೇಲೆಯೇ ಸೀಟಿನ ಕೆಳಗಿನ, ಹೆಚ್ಚಾಗಿ ಹಳದಿ ಬಣ್ಣದ, ಪ್ಲಗ್ಗುಗಳನ್ನು ಬಿಚ್ಚಿ. ಅವು ಬಿಚ್ಚಿರುವಾಗ ಕೀಲಿ ತಿರುಗಿಸಬೇಡಿ. ತಿರುಗಿಸಿದರೆ ಎಚ್ಚರಿಕೆ ದೀಪ ಹತ್ತಿ ಕುಳಿತುಬಿಡುತ್ತದೆ. ಏರ್‌ಬ್ಯಾಗ್ ಇರುವ ಬೆನ್ನೊರಗಿನ ಹೊಲಿಗೆಯನ್ನು ನೀವು ಮುಟ್ಟಲೇಬಾರದು. ಆ ಹೊಲಿಗೆ ಸರಿಯಾದ ಕ್ಷಣದಲ್ಲಿ ಹರಿಯಲೆಂದೇ ಬೇರೆ ದಾರದಲ್ಲಿ ಹೊಲಿದದ್ದು. ಅದೇ ಕಾರಣಕ್ಕೆ ಅಂಥ ಸೀಟಿಗೆ ಮೇಲುಹೊದಿಕೆ ತೊಡಿಸುವಾಗಲೂ ಯೋಚಿಸಬೇಕು.

ನಾಲ್ಕು ಬೋಲ್ಟು ತೆಗೆದರೆ ಸೀಟು ಕೈಗೆ ಬರುತ್ತದೆ. ಹಿಂದಿನವು ಕಾಣಲು ಸೀಟನ್ನು ಮುಂದಕ್ಕೆ ಸರಿಸಿ, ಮುಂದಿನವಕ್ಕೆ ಹಿಂದಕ್ಕೆ ಸರಿಸಿ. ಬ್ಯಾಟರಿ ತೆಗೆಯುವ ಮೊದಲೇ ವಿದ್ಯುತ್ ಸೀಟನ್ನು ಬೇಕಾದ ಜಾಗಕ್ಕೆ ಸರಿಸಿಕೊಂಡಿರಬೇಕು ಎಂಬುದು ಎಷ್ಟೋ ಜನಕ್ಕೆ ತಡವಾಗಿ ಹೊಳೆಯುತ್ತದೆ.

ಈಗ ಕವರ್. ಕೆಳಗಿನ ಅಂಚಿನಲ್ಲಿ ಅದು ಪ್ಲಾಸ್ಟಿಕ್ ಕೊಕ್ಕೆಪಟ್ಟಿಯಿಂದ ಚೌಕಟ್ಟಿಗೆ ಸಿಕ್ಕಿಸಿಕೊಂಡಿರುತ್ತದೆ. ನಡುವೆ, ಸೀಟಿನ ಮೇಲೆ ಕಾಣುವ ಹೊಲಿಗೆಯ ಗೆರೆಗಳಿವೆಯಲ್ಲ, ಅವುಗಳ ಹಿಂಬದಿಯಲ್ಲಿ ಬಟ್ಟೆಯ ಸಣ್ಣ ಕೊಳವೆಯಿದ್ದು ಅದರೊಳಗೆ ತಂತಿ ತೂರಿಸಿರುತ್ತಾರೆ. ಆ ಗೆರೆಗಳ ನೇರಕ್ಕೆ ಫೋಮಿನಲ್ಲಿರುವ ತೋಡಿನ ತಳದಲ್ಲಿಯೂ ಒಂದು ತಂತಿ ಹುದುಗಿರುತ್ತದೆ. ಈ ಎರಡು ತಂತಿಗಳನ್ನು ಹಿಡಿದಿಡುವುದು ಹಾಗ್ ರಿಂಗ್ ಎಂಬ ಸಣ್ಣ ಉಕ್ಕಿನ ಉಂಗುರಗಳು. ಅವನ್ನು ಕತ್ತರಿಸುವ ಇಕ್ಕಳದಿಂದ ಕತ್ತರಿಸಿ ತೆಗೆಯಿರಿ. ಕವರನ್ನು ಹಿಡಿದು ಎಳೆಯಬೇಡಿ. ಎಳೆದರೆ ಉಂಗುರ ಬಿಡುವುದಿಲ್ಲ, ಫೋಮೇ ಹರಿದು ಹುದುಗಿದ ತಂತಿ ಕಿತ್ತು ಬರುತ್ತದೆ. ಪ್ರತಿ ಹಂತದಲ್ಲಿಯೂ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ, ಎಷ್ಟು ಉಂಗುರ ಯಾವ ಯಾವ ಜಾಗದಲ್ಲಿತ್ತು ಎಂಬುದು ಆಮೇಲೆ ಬೇಕಾಗುತ್ತದೆ. ಬಿಸಿ ಮಾಡುವ ಹಾಸು ಇರುವ ಸೀಟಾದರೆ ಅದನ್ನು ಮಡಿಸದೆ, ಮುದುರದೆ ತೆಗೆಯಬೇಕು. ಅದರೊಳಗಿನ ಎಳೆ ಮುರಿದರೆ ಆ ಜಾಗ ಒಂದೋ ತಣ್ಣಗುಳಿಯುತ್ತದೆ, ಇಲ್ಲವೇ ಅತಿಯಾಗಿ ಬಿಸಿಯಾಗುತ್ತದೆ.

ಎಲ್ಲವೂ ಬಿಚ್ಚಿದ ಮೇಲೆ ಚೌಕಟ್ಟನ್ನು ನೋಡಿ. ಬೆಸುಗೆಯ ಬಳಿ ಬಿರುಕಿದ್ದರೆ ಅದನ್ನು ಬೆಸುಗೆ ಬಲ್ಲವರಿಗೆ ಕೊಡಿ, ಇದರಲ್ಲಿ ರಾಜಿ ಬೇಡ. ತುಕ್ಕನ್ನು ತಂತಿಬ್ರಷ್ಷಿನಿಂದ ಉಜ್ಜಿ ಬಣ್ಣ ಹಚ್ಚಿ. ಸ್ಪ್ರಿಂಗುಗಳಲ್ಲಿ ಕೆಲವು ಬಗೆಗಳಿವೆ. ಅಂಕುಡೊಂಕಾಗಿ ಬಾಗಿಸಿದ ಉಕ್ಕಿನ ತಂತಿ, ಕಾಗದ ಸುತ್ತಿದ ತಂತಿಗಳನ್ನು ಹೆಣೆದು ಚೌಕಟ್ಟಿಗೆ ಸಣ್ಣ ಸ್ಪ್ರಿಂಗುಗಳಿಂದ ನೇತುಹಾಕಿದ ಜಾಲ, ಹಳೆಯವುಗಳಲ್ಲಿ ಸುರುಳಿ ಸ್ಪ್ರಿಂಗು, 1960-70ರ ದಶಕಗಳ ಕೆಲವು ಬ್ರಿಟಿಷ್ ಕಾರುಗಳಲ್ಲಿ ರಬ್ಬರ್ ಪಟ್ಟಿ. ಅಂಕುಡೊಂಕು ತಂತಿ ಕೊಂಡಿಯಿಂದ ಜಾರಿದ್ದರೆ ಮರಳಿ ಸಿಕ್ಕಿಸಿ, ಕೊಂಡಿಯೊಳಗಿನ ಪ್ಲಾಸ್ಟಿಕ್ ಒಳಪದರ ಸವೆದಿದ್ದರೆ ಬದಲಿಸಿ; ಕಿರುಗುಟ್ಟುವ ಸದ್ದಿನ ಮೂಲ ಹೆಚ್ಚಾಗಿ ಅಲ್ಲಿಯೇ ಇರುತ್ತದೆ. ಮುರಿದ ಸ್ಪ್ರಿಂಗನ್ನು ಬೆಸೆಯಬಾರದು, ಚಪ್ಪಟೆಯಾದದ್ದನ್ನು ಕಾಯಿಸಿ ಬಗ್ಗಿಸಲೂಬಾರದು. ಬೆಂಕಿ ತಗುಲಿದ ಕ್ಷಣ ಉಕ್ಕಿನ ಹದ ಹೋಗುತ್ತದೆ, ಅದೇ ಜಾಗದಲ್ಲಿ ಮತ್ತೆ ಮುರಿಯುತ್ತದೆ ಅಥವಾ ಬಾಗುತ್ತದೆ. ಅದೇ ದಪ್ಪದ, ಅದೇ ಉದ್ದದ ಇನ್ನೊಂದನ್ನು ಹಾಕಿ. ಅದೇ ಮಾದರಿಯ ಗುಜರಿ ಕಾರಿನ ಸೀಟು ಸಿಕ್ಕರೆ ಇದಕ್ಕೆ ಅದರಷ್ಟು ಒಳ್ಳೆಯ ಮೂಲ ಇನ್ನೊಂದಿಲ್ಲ. ರಬ್ಬರ್ ಪಟ್ಟಿಯಾದರೆ ಯೋಚಿಸದೆ ಎಲ್ಲವನ್ನೂ ಬದಲಿಸಿ, ಒಂದನ್ನು ಮಾತ್ರ ಬದಲಿಸಿದರೆ ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ.

ಸ್ಪ್ರಿಂಗಿನ ಮೇಲೆ ಹೊಸ ಹಾಸು ಹಾಸಿ. ದಪ್ಪ ಗೋಣಿಬಟ್ಟೆಯನ್ನು ಚೌಕಟ್ಟಿನ ಅಂಚಿಗೆ ಬಿಗಿಯಾಗಿ ಎಳೆದು ಉಂಗುರಗಳಿಂದ ಕಟ್ಟಿ, ಅದರ ಮೇಲೆ ಗಟ್ಟಿಯಾದ ನಾರಿನ ಹಾಸನ್ನಿಡಿ. ಇದಕ್ಕೆ ಆಗುವ ಖರ್ಚು ತೀರಾ ಸಣ್ಣದು, ಮೇಲಿನ ಫೋಮಿನ ಆಯುಷ್ಯ ಇದರಿಂದಲೇ ನಿರ್ಧಾರವಾಗುತ್ತದೆ.

ಇನ್ನು ಫೋಮ್. ಇಲ್ಲಿ ಬಹಳಷ್ಟು ಜನ ಎಡವುವುದು ಸಾಂದ್ರತೆ ಮತ್ತು ಗಡಸುತನ ಒಂದೇ ಎಂದುಕೊಂಡು. ಅಂಗಡಿಯಲ್ಲಿ ಬೆರಳಿನಿಂದ ಒತ್ತಿ, ಗಟ್ಟಿಯಾಗಿದೆ ಎಂದು ಕೊಳ್ಳುತ್ತಾರೆ, ಕೆಲವೇ ತಿಂಗಳಲ್ಲಿ ಅದು ಚಪ್ಪಟೆಯಾಗುತ್ತದೆ. ಗಡಸುತನ ಎಂದರೆ ಒತ್ತಲು ಎಷ್ಟು ಬಲ ಬೇಕು ಎಂಬುದು. ಪ್ರಯೋಗಾಲಯದಲ್ಲಿ ಸುಮಾರು 200 ಮಿಲಿಮೀಟರ್ ವ್ಯಾಸದ ತಟ್ಟೆಯನ್ನು ಫೋಮಿನ ದಪ್ಪದ ನಾಲ್ಕನೇ ಒಂದು ಭಾಗದಷ್ಟು ಒಳಗೆ ಒತ್ತಿ ಆ ಬಲವನ್ನು ಅಳೆಯುತ್ತಾರೆ. ಸಾಂದ್ರತೆ ಎಂದರೆ ಒಂದು ಘನಮೀಟರ್ ಫೋಮಿನ ತೂಕ, ಅಂದರೆ ಅದರಲ್ಲಿ ನಿಜವಾದ ಸಾಮಗ್ರಿ ಎಷ್ಟಿದೆ ಎಂಬುದು. ಕಡಿಮೆ ಸಾಂದ್ರತೆಯ ಫೋಮನ್ನೂ ರಸಾಯನದ ಹದ ಬದಲಿಸಿ ಗಟ್ಟಿಯಾಗಿ ತಯಾರಿಸಬಹುದು, ಆದರೆ ಅದರ ಕೋಶಗಳ ಗೋಡೆ ತೆಳುವಾಗಿರುವುದರಿಂದ ಬೇಗ ಮುರಿಯುತ್ತವೆ. ಕೂತಾಗಿನ ಅನುಭವವನ್ನು ಕೊಡುವುದು ಗಡಸುತನ, ಬಾಳಿಕೆಯನ್ನು ಕೊಡುವುದು ಸಾಂದ್ರತೆ. ಕಾರಿನ ಅಚ್ಚುಹೊಯ್ದ ಸೀಟುಗಳ ಫೋಮ್ ಘನಮೀಟರಿಗೆ ಸುಮಾರು 45ರಿಂದ 60 ಕಿಲೋ ಇರುತ್ತದೆ. ಸಾಮಾನುಗಳನ್ನು ಪೊಟ್ಟಣ ಕಟ್ಟಲು ಬಳಸುವ ಫೋಮ್ 20ರ ಆಸುಪಾಸಿನಲ್ಲಿರುತ್ತದೆ. ಎರಡೂ ಬೆರಳಿಗೆ ಒಂದೇ ರೀತಿ ಅನ್ನಿಸಬಹುದು.

ಮಾರುವವರ ಮಾತನ್ನು ನಂಬಬೇಕಾಗಿಲ್ಲ, ನೀವೇ ಪರೀಕ್ಷಿಸಬಹುದು. ಎಲ್ಲ ಕಡೆಯೂ ಸರಿಯಾಗಿ 10 ಸೆಂಟಿಮೀಟರ್ ಇರುವ ಒಂದು ಘನಾಕೃತಿಯ ತುಂಡನ್ನು ಕತ್ತರಿಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಡಿ. ಅದು ಒಂದು ಲೀಟರ್ ಗಾತ್ರ. ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಘನಮೀಟರಿಗೆ ಅಷ್ಟೇ ಕಿಲೋ. 48 ಗ್ರಾಂ ಬಂದರೆ 48 ಕಿಲೋ ಸಾಂದ್ರತೆ, ಕೊಳ್ಳಿ. 22 ಗ್ರಾಂ ಬಂದರೆ ಅಲ್ಲಿಯೇ ಬಿಟ್ಟುಬನ್ನಿ. ತೂಕ ಹೆಚ್ಚಿಸಲು ಸುಣ್ಣಕಲ್ಲಿನ ಪುಡಿ ಬೆರೆಸಿದ ಫೋಮೂ ಇರುತ್ತದೆ. ಹಾಗಾಗಿ ಕತ್ತರಿಸಿದ ಮುಖವನ್ನು ಬೆರಳಿನಿಂದ ಉಜ್ಜಿ ನೋಡಿ, ಬಿಳಿ ಹುಡಿ ಅಂಟಿದರೆ ಆ ತೂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನಿಮ್ಮ ಹಳೆಯ ಫೋಮಿನ ಚೆನ್ನಾಗಿರುವ ಮೂಲೆಯಿಂದಲೂ ಸಣ್ಣ ತುಂಡು ತೆಗೆದು ಹೀಗೆಯೇ ತೂಗಿ ಹೋಲಿಸಬಹುದು.

ಇದಲ್ಲದೆ ಬೆಂಕಿಯ ವಿಚಾರವಿದೆ. ಕಾರಿನ ಒಳಗಿನ ಸಾಮಗ್ರಿ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಉರಿಯಬಾರದು ಎಂಬ ಅಮೆರಿಕದ ನಿಯಮ 1972ರಿಂದ ಜಾರಿಯಲ್ಲಿದೆ, ಅದೇ ಬಗೆಯ ಪರೀಕ್ಷೆಯನ್ನು ಬೇರೆ ದೇಶಗಳೂ ಬಳಸುತ್ತವೆ. ಹಾಸಿಗೆಗೆಂದು ಮಾಡಿದ ಫೋಮ್ ಈ ಪರೀಕ್ಷೆಗೆ ಒಳಗಾಗಿರಲೇಬೇಕೆಂದಿಲ್ಲ. ವಾಹನದ ಬಳಕೆಗೆ ಎಂದು ಸ್ಪಷ್ಟವಾಗಿ ನಮೂದಿಸಿದ ಫೋಮನ್ನೇ ಕೇಳಿ ಪಡೆಯಿರಿ.

ದೇಹದ ಬಿಸಿಗೆ ಕರಗಿದಂತೆ ಇಳಿಯುವ ಮೆಮೊರಿ ಫೋಮನ್ನು ಅನೇಕರು ಸೂಚಿಸುತ್ತಾರೆ. ಕಾರಿಗೆ ಅದು ಸಲ್ಲದು. ಚಳಿಯಲ್ಲಿ ಅದು ಹಲಗೆಯಂತೆ ಗಡುಸಾಗುತ್ತದೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ ತೀರಾ ಮೆತ್ತಗಾಗಿ ನೀವು ತಳಕ್ಕೆ ಹೋಗಿ ತಾಗುತ್ತೀರಿ. ಕಟ್ಟಡಗಳ ಸಂದಿ ಮುಚ್ಚಲು ಡಬ್ಬಿಯಿಂದ ಸಿಂಪಡಿಸುವ ಉಬ್ಬುವ ಫೋಮಂತೂ ಬೇಡವೇ ಬೇಡ. ಅದು ಗಟ್ಟಿಯಾಗಿ ಒಣಗುತ್ತದೆ, ಕೂತಾಗ ಒಡೆದು ಚೂರಾಗುತ್ತದೆ, ಅಕ್ಕಪಕ್ಕದ ಒಳ್ಳೆಯ ಫೋಮಿಗೂ ಅಂಟಿ ಅದನ್ನೂ ಹಾಳುಮಾಡುತ್ತದೆ.

ನಿಮ್ಮ ಸೀಟಿನ ದಿಂಡಿಗೆ ಬರೋಣ. ಕುಸಿದ ಭಾಗವನ್ನು ಮಾತ್ರ, ಗಟ್ಟಿ ಫೋಮ್ ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ಬೆರಳಿನ ನಡುವೆ ಹಿಸುಕಿದಾಗ ಪುಡಿಯಾಗುವುದೆಲ್ಲ ಹೋಗಲಿ, ಪುಟಿದು ಮೇಲೇಳುವುದೆಲ್ಲ ಉಳಿಯಲಿ. ಕತ್ತರಿಸಲು ಬ್ರೆಡ್ ಕತ್ತರಿಸುವ ಉದ್ದ ಹಲ್ಲಿನ ಚಾಕು, ವಿದ್ಯುತ್ ಚಾಲಿತವಾದರೆ ಇನ್ನೂ ಉತ್ತಮ; ಕತ್ತರಿಯಿಂದ ಕತ್ತರಿಸಿದರೆ ಫೋಮ್ ಒತ್ತಿಕೊಂಡು ಮುಖ ಡೊಂಕಾಗುತ್ತದೆ. ನೇರವಾಗಿ ಕಡಿಯಬೇಡಿ, ಓರೆಯಾಗಿ ಕಡಿಯಿರಿ. ಓರೆಯಾದ ಜೋಡಣೆಯಲ್ಲಿ ಹಳೆಯ ಫೋಮ್ ನಿಧಾನವಾಗಿ ಹೊಸದಕ್ಕೆ ಜಾಗ ಬಿಟ್ಟುಕೊಡುತ್ತದೆ, ತೊಡೆಗೆ ಗೆರೆ ತಿಳಿಯುವುದಿಲ್ಲ. ಹೊಸ ತುಂಡನ್ನು ಬೇಕಾದ ಆಕಾರಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಕತ್ತರಿಸಿ ಅಂಟಿಸಿ, ಆಮೇಲೆ ಒರಟು ಮರಳುಕಾಗದದಿಂದ ತೀಡುತ್ತಾ ಆಕಾರಕ್ಕೆ ತನ್ನಿ. ಪಕ್ಕದ ಸೀಟಿನ ದಿಂಡಿನ ಅಡ್ಡಸೀಳಿಕೆಯ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಇಟ್ಟುಕೊಂಡಿದ್ದರೆ ತೀಡುವಾಗ ಅದನ್ನು ತಾಳೆ ನೋಡಬಹುದು. ಅಂತಿಮ ಆಕಾರ ಮೂಲಕ್ಕಿಂತ 3ರಿಂದ 5 ಮಿಲಿಮೀಟರ್ ಹೆಚ್ಚಾಗಿರಲಿ, ಕವರಿನ ಬಿಗಿತ ಅಷ್ಟನ್ನು ಒತ್ತಿಬಿಡುತ್ತದೆ.

ದಿಂಡಿಗೆ ಯಾವ ಫೋಮ್? ಕೂರುವ ಜಾಗಕ್ಕಿಂತ ಗಟ್ಟಿಯಾದದ್ದು. ಫೋಮಿನ ಚೂರುಗಳನ್ನು ಅಂಟಿನೊಂದಿಗೆ ಒತ್ತಿ ಮಾಡಿದ, ಬಣ್ಣಬಣ್ಣದ ಚುಕ್ಕೆಗಳಿರುವ ಮರುಬಂಧಿತ ಫೋಮ್ ಇದಕ್ಕೆ ಚೆನ್ನಾಗಿ ಒದಗುತ್ತದೆ. ಅದರ ಸಾಂದ್ರತೆ 80 ಕಿಲೋ ಅಥವಾ ಅದಕ್ಕೂ ಹೆಚ್ಚು, ಇಳಿಯುವಾಗ ಬೀಳುವ ಭಾರವನ್ನು ವರ್ಷಗಟ್ಟಲೆ ತಾಳುತ್ತದೆ. ಆದರೆ ಅದು ಮೈಗೆ ಒರಟು. ಒಳಗೆ ಅದನ್ನಿಟ್ಟು, ಹೊರಗಿನ 12 ಮಿಲಿಮೀಟರನ್ನು ಸಾಮಾನ್ಯ ಸೀಟಿನ ಫೋಮಿನಿಂದ ಹೊದಿಸಿ. ಫೋಮಿನ ಅಡಿಯ ಸೀಳುಗಳಿಗೂ ಇದೇ ವಿಧಾನ: ಸೀಳಿದ ಪದರವನ್ನು ತೆಳುವಾಗಿ ಸೀಳಿ ತೆಗೆದು ಅಷ್ಟೇ ದಪ್ಪದ ಗಟ್ಟಿ ಫೋಮ್ ಅಂಟಿಸಿ. ತೋಡಿನ ತಳದ ತಂತಿ ಕಿತ್ತು ಬಂದಿದ್ದರೆ ಗೋಣಿಬಟ್ಟೆಯ ಪಟ್ಟಿಯಲ್ಲಿ ಹೊಸ ತಂತಿಯನ್ನು ಸುತ್ತಿ, ಪಟ್ಟಿಯನ್ನು ಫೋಮಿಗೆ ಅಗಲವಾಗಿ ಅಂಟಿಸಬೇಕು. ತಂತಿಯನ್ನು ಬರಿಯ ಫೋಮಿಗೆ ಅಂಟಿಸಿದರೆ ಮೊದಲ ಎಳೆತಕ್ಕೇ ಬಿಡುತ್ತದೆ.

ಅಂಟನ್ನು ಆರಿಸುವಾಗ ಡಬ್ಬಿಯ ಮೇಲೆ ಅದು ತಾಳುವ ಉಷ್ಣತೆಯನ್ನು ಓದಿ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ, ಸಾಧಾರಣ ಸಿಂಪಡಿಸುವ ಅಂಟು ಅಷ್ಟರಲ್ಲಿ ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. 80 ಡಿಗ್ರಿಗಿಂತ ಹೆಚ್ಚು ತಾಳುವ, ಫೋಮಿಗೆ ಹೊಂದುವ ಕಾಂಟ್ಯಾಕ್ಟ್ ಅಂಟು ಬೇಕು. ಎರಡೂ ಮುಖಗಳಿಗೆ ತೆಳುವಾಗಿ ಹಚ್ಚಿ ಕಾಯಿರಿ. ಬೆರಳಿನಿಂದ ಮುಟ್ಟಿದರೆ ಜಿಗುಟೆನಿಸಬೇಕು, ಆದರೆ ಬೆರಳಿಗೆ ಅಂಟಿ ಬರಬಾರದು, ಆಗ ಜೋಡಿಸಿ. ಜೋಡಿಸಿದ ಮೇಲೆ ಸರಿಸಲಾಗದು, ಆದ್ದರಿಂದ ಮೊದಲೇ ಗುರುತು ಹಾಕಿಕೊಳ್ಳಿ. ಅಂಟಿನ ಪದರ ಒಣಗಿದರೆ ಗಡುಸಾಗುತ್ತದೆ. ನೇರವಾಗಿ ಕೂರುವ ಜಾಗದಲ್ಲಿ ಅಂಚುಗಳಿಗಷ್ಟೇ ಹಚ್ಚಿದರೆ ಸಾಕು. ಕಿಟಕಿ ಬಾಗಿಲು ತೆರೆದಿರಲಿ, ಹತ್ತಿರ ಬೆಂಕಿಯಾಗಲಿ ಕಿಡಿಯಾಗಲಿ ಇರಬಾರದು.

ಇದನ್ನು ಓದುತ್ತಿರುವ ಕೆಲವರ ಕಾರು ನಿಮ್ಮದಕ್ಕಿಂತ ಹಳೆಯದಿರಬಹುದು. ಫೋಕ್ಸ್‌ವ್ಯಾಗನ್ ಬೀಟಲ್, 1976ರಲ್ಲಿ ಬಂದ ಮರ್ಸಿಡಿಸ್ ಡಬ್ಲ್ಯು 123 ಮುಂತಾದವುಗಳಲ್ಲಿ ಸುರುಳಿ ಸ್ಪ್ರಿಂಗಿನ ಮೇಲೆ ಫೋಮಿನ ಬದಲು ರಬ್ಬರಿನ ಹಾಲಿನಲ್ಲಿ ಅದ್ದಿ ಗಟ್ಟಿಗೊಳಿಸಿದ ನಾರಿನ ಅಥವಾ ಕುದುರೆ ಕೂದಲಿನ ಹಾಸು ಇತ್ತು. ಅಲ್ಲಿ ಉದುರುವುದು ಕಂದು ಬಣ್ಣದ ಒರಟು ಚೂರು. ಅದು ಗಾಳಿಯಾಡುವ, ಬೆವರು ಹಿಡಿಯದ, ತುಂಬ ಒಳ್ಳೆಯ ಸಾಮಗ್ರಿ. ಕೇವಲ ಒತ್ತಿಕೊಂಡಿದ್ದರೆ ಹಬೆ ಕೊಟ್ಟು ಕೈಯಿಂದ ಬಿಡಿಸಿದಾಗ ಬಹಳಷ್ಟು ಮೇಲೇಳುತ್ತದೆ, ಪೂರ್ತಿ ಒಣಗಲು ಬಿಟ್ಟೇ ಮರಳಿ ಹಾಕಬೇಕು. ಪುಡಿಯಾಗಿದ್ದರೆ ಅದೇ ಬಗೆಯ ಹೊಸ ಹಾಸನ್ನು ಹುಡುಕಿ ಹಾಕುವುದೇ ಸರಿ. ಅದರ ಜಾಗಕ್ಕೆ ಬರಿಯ ಫೋಮ್ ತುಂಬಿದರೆ ಸುರುಳಿಗಳು ಅದನ್ನು ತಿಂದುಹಾಕುತ್ತವೆ, ಸೀಟಿನ ಗುಣವೂ ಬದಲಾಗುತ್ತದೆ. ತುಂಬ ಹಳೆಯ ಲೇಟೆಕ್ಸ್ (ರಬ್ಬರ್ ಹಾಲಿನ) ಫೋಮ್ ಗಟ್ಟಿ ಚಕ್ಕೆಯಾಗಿ ಮುರಿಯುತ್ತಿದ್ದರೆ ಅದಕ್ಕೆ ತೇಪೆ ಹಾಕಲು ಹೋಗಬೇಡಿ, ಅದು ಪೂರ್ತಿ ಹೋಗಬೇಕಾದದ್ದೇ.

ಕವರ್ ಮರಳಿ ತೊಡಿಸುವುದಕ್ಕೆ ಒಂದು ಬಿಸಿಲಿನ ದಿನ ಆರಿಸಿಕೊಳ್ಳಿ. ರೆಕ್ಸಿನ್ ಆಗಲಿ ಚರ್ಮವಾಗಲಿ ಬಿಸಿಲಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಡಿಲಗೊಂಡು ಬಾಗುತ್ತದೆ, ಚಳಿಯಲ್ಲಿ ಎಳೆದರೆ ಹೊಲಿಗೆ ಬಿಡುತ್ತದೆ. ಹೊಸ ಫೋಮ್ ಬಟ್ಟೆಯನ್ನು ಜಾರಲು ಬಿಡುವುದಿಲ್ಲ, ಹಿಡಿದು ನಿಲ್ಲಿಸುತ್ತದೆ. ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಫೋಮಿನ ಮೇಲೆ ಹೊದಿಸಿ ಅದರ ಮೇಲೆ ಕವರನ್ನು ಜಾರಿಸಿ. ಕೂತ ಮೇಲೆ ಹಾಳೆಯನ್ನು ಎಳೆದು ತೆಗೆದುಬಿಡಿ, ಒಳಗೇ ಬಿಟ್ಟರೆ ಸರಸರ ಸದ್ದು ಮಾಡುವುದಲ್ಲದೆ ಬೆವರನ್ನು ಹಿಡಿದಿಡುತ್ತದೆ. ಕವರನ್ನು ಒಳಹೊರಗು ಮಾಡಿಟ್ಟುಕೊಂಡು ನಡುವಿನ ತೋಡಿನ ಉಂಗುರಗಳನ್ನು ಮೊದಲು ಹಾಕಿ, ಅಲ್ಲಿಂದ ಎರಡೂ ಬದಿಗೆ ಒಂದೊಂದಾಗಿ ಸಾಗಿ. ಆಮೇಲೆ ದಿಂಡುಗಳ ಮೇಲೆ ಕವರನ್ನು ಹೊರಳಿಸಿ ಕೆಳಗಿನ ಕೊಕ್ಕೆಪಟ್ಟಿ ಸಿಕ್ಕಿಸಿ. ಮೊದಲು ಸಡಿಲವಾಗಿ ತೋರುತ್ತಿದ್ದ ಬಟ್ಟೆ ಈಗ ಬಿಗಿಯಾಗಿ ತುಂಬಿಕೊಳ್ಳುವುದನ್ನು ನೋಡುತ್ತೀರಿ. ಬಟ್ಟೆ ಹಿಗ್ಗಿದೆ ಎಂದುಕೊಂಡು ಅದನ್ನು ಕಿರಿದಾಗಿ ಹೊಲಿಸುವವರಿದ್ದಾರೆ. ಹಾಗೆ ಮಾಡಿಸಿದ ಕವರ್ ಸರಿಪಡಿಸಿದ ಫೋಮಿನ ಮೇಲೆ ಎಂದೂ ಕೂರುವುದಿಲ್ಲ. ಉಳಿದ ಸಣ್ಣ ಸುಕ್ಕುಗಳಿಗೆ, ಬಟ್ಟೆಯ ಕವರಾದರೆ, ಹಬೆ ಕೊಟ್ಟು ಅಂಗೈಯಿಂದ ಸವರಿ. ಚರ್ಮಕ್ಕೆ ಹಬೆಯಾಗಲಿ ಬಿಸಿಗಾಳಿಯಾಗಲಿ ಹತ್ತಿರದಿಂದ ಬೇಡ, ಅದು ಕುಗ್ಗಿ ಗಡುಸಾಗುತ್ತದೆ.

ಸೀಟನ್ನು ಕಾರಿಗೆ ಹಾಕಿ ಬೋಲ್ಟುಗಳನ್ನು ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದಲೇ ಬಿಗಿಯಿರಿ, ಅಂದಾಜಿನಿಂದಲ್ಲ. ಪ್ಲಗ್ಗುಗಳನ್ನು ಸಿಕ್ಕಿಸಿದ ಮೇಲೆಯೇ ಬ್ಯಾಟರಿ ಜೋಡಿಸಿ. ಮೊದಲ ಕೆಲವು ದಿನ ಸೀಟು ಗಟ್ಟಿ ಎನಿಸುತ್ತದೆ, ಮೊದಲಿಗಿಂತ ಎತ್ತರ ಎನಿಸುತ್ತದೆ. ಹೊಸ ಫೋಮ್ ಆರಂಭದಲ್ಲಿ ಸ್ವಲ್ಪ ಇಳಿದು ನಿಲ್ಲುವುದು ಅದರ ಸ್ವಭಾವ. ಹಾಗಾಗಿ ಕೂಡಲೇ ಬಿಚ್ಚಿ ತೆಳ್ಳಗೆ ಮಾಡಲು ಹೋಗಬೇಡಿ. ಕನ್ನಡಿ, ಬೆಲ್ಟಿನ ಎತ್ತರ, ತಲೆದಿಂಬು ಮೂರನ್ನೂ ಹೊಸದಾಗಿ ಹೊಂದಿಸಿಕೊಳ್ಳಿ, ಏಕೆಂದರೆ ಅವೆಲ್ಲವನ್ನೂ ನೀವು ಈವರೆಗೆ ಕುಸಿದ ಸೀಟಿಗೆ ತಕ್ಕಂತೆ ಇಟ್ಟುಕೊಂಡಿದ್ದಿರಿ.

ಕೊನೆಯದಾಗಿ ಪಕ್ಕದ ಸೀಟು. ಅದನ್ನು ಬಿಚ್ಚಬೇಡಿ. ಅಳತೆಗೆ ಅದು ಬೇಕು ಎಂಬುದು ಒಂದು ಕಾರಣ. ಇನ್ನೂ ಮುಖ್ಯವಾದದ್ದು, ಅನೇಕ ಕಾರುಗಳಲ್ಲಿ ಆ ಸೀಟಿನ ಫೋಮಿನ ಅಡಿಯಲ್ಲಿ ಯಾರಾದರೂ ಕೂತಿದ್ದಾರೆಯೇ, ಕೂತವರು ಎಷ್ಟು ಭಾರ ಎಂದು ಗ್ರಹಿಸುವ ಸಂವೇದಕ ಇರುತ್ತದೆ. ಏರ್‌ಬ್ಯಾಗ್ ಅರಳಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವಲ್ಲಿ ಅದಕ್ಕೆ ಪಾಲಿದೆ. ಅದನ್ನು ಹೊಂದಿಸಿರುವುದು ಅದೇ ಫೋಮಿನ ದಪ್ಪಕ್ಕೆ, ಅದೇ ಗಡಸುತನಕ್ಕೆ. ಫೋಮ್ ಬದಲಾದರೆ ಅದರ ಲೆಕ್ಕ ತಪ್ಪುತ್ತದೆ. ಆ ಸೀಟು ಮುಂದೆಂದಾದರೂ ಕುಸಿದರೆ, ಸಂವೇದಕವನ್ನು ಮರಳಿ ಹೊಂದಿಸುವ ಉಪಕರಣ ಇರುವ ಕಾರ್ಯಾಗಾರಕ್ಕೇ ಒಯ್ಯಿರಿ.